ಪರದೆಯಾಚೆಯ ಉತ್ತರ

ಟೀಚರಮ್ಮ ಇನ್ನೂ ಒಂದು ಕಾಲಿನ ಚಪ್ಪಲಿ ಬಿಡುವಷ್ಟರಲ್ಲೇ ಉಸ್ತಾದರ ತಂಗಿ ಅವರನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ನಡುಮನೆಯಲ್ಲಿ ಉಸ್ತಾದರ ಹೆಣಕ್ಕೆ ಹೊದಿಸುವ ಕಫನ್ನಿಗೆ ಬಿಳಿ ಬಟ್ಟೆ ಹರಿಯುತ್ತಿದ್ದರು. ಪರ್ರೆಂದು ಉದ್ದಕ್ಕೆ ಸೀಳುವ ಆ ಸದ್ದು ಬಾಗಿಲಿಗೆ ಬಗ್ಗಲಿಲ್ಲ.

"ಎರಡು ಸಲ ದವಡೆ ಕಟ್ಟಿಸ್ದೆ, ಟೀಚರಕ್ಕ. ಎರಡು ಸಲವೂ ಬಿಚ್ಕೊಳ್ತು. ಬಾಯಿ ತೆಗೀತಾನೆ, ಏನೋ ಹೇಳೋ ಹಾಗೆ."

"ಗಂಟು ಸಡಿಲ ಇರುತ್ತೆ ಕಣಮ್ಮ."

"ಕಟ್ಟಿದ್ದು ಬಡಗಿ. ಅವನು ಹಾಕಿದ ಗಂಟು ಸಡಿಲ ಆಗೋದುಂಟಾ?" ತಂಗಿ ದನಿ ತಗ್ಗಿಸಿದಳು. "ಏನು ಹೇಳೋಕೆ ಹೊರಟಿದಾನೆ ಅಂತ ನಂಗೊತ್ತು. ನಿಮಗೂ ಗೊತ್ತು."



*

ಶಾಲೆಯ ಕೊನೆಯ ಕೋಣೆಯಲ್ಲಿ ವಾರಕ್ಕೆರಡು ದಿನ ಧರ್ಮಪಾಠ. ಕೋಣೆ ಒಂದೇ, ಮಕ್ಕಳು ಎರಡು ಬಗೆ. ಅದಕ್ಕೇ ನಡುವೆ ಒಂದು ಹಸಿರು ಪರದೆ. ಈಚೆ ಉಸ್ತಾದರು ಮುಸ್ಲಿಂ ಮಕ್ಕಳಿಗೆ, ಆಚೆ ಟೀಚರಮ್ಮ ಕ್ರೈಸ್ತ ಮಕ್ಕಳಿಗೆ. ಮನುಷ್ಯನು ದೇವರಿಗೆ ಏನೇನು ಮಾಡಬೇಕು ಎಂಬುದೇ ಇಬ್ಬರ ಪಾಠ. ಉಸ್ತಾದರು ಒಂದು ಕೈಯ ಮೇಲೆ ಎಣಿಸುವರು: ಸಾಕ್ಷಿಯ ನುಡಿ, ನಮಾಜು, ಜಕಾತಿನ ದಾನ, ಉಪವಾಸ, ಹಜ್. ಟೀಚರಮ್ಮನಿಗೆ ಹತ್ತು ಆಜ್ಞೆ, ಎರಡೂ ಕೈ ಬೇಕು. ಅವರು ಐದು ಬೆರಳಿನ ಮೇಷ್ಟ್ರು, ಇವರು ಹತ್ತು ಬೆರಳಿನ ಟೀಚರು. ಮೂವತ್ತೊಂದು ವರ್ಷ ಮಕ್ಕಳ ಬಾಯಲ್ಲಿ ಅದೇ ಹೆಸರು.

ಪರದೆ ನೋಟವನ್ನು ತಡೆಯಿತೇ ಹೊರತು ಮಾತನ್ನು ತಡೆಯಲಿಲ್ಲ. ಒಮ್ಮೆ ಉಸ್ತಾದರು, ಗೋರಿಯಲ್ಲಿ ಸತ್ತವರನ್ನು ಇಬ್ಬರು ದೇವದೂತರು ಕೇಳುವ ಮೊದಲ ಪ್ರಶ್ನೆಯನ್ನು ರಾಗವಾಗಿ ಕೇಳಿದರು.

"ನಿನ್ನ ಒಡೆಯ ಯಾರು?"

ಆಚೆಯಿಂದ ಒಂದು ಎಳೆಯ ಗಂಟಲು ಕಿರುಚಿತು: "ನಮ್ಮ ಕರ್ತನು!"

ಎರಡು ಕಡೆಯೂ ನಗು ಸಿಡಿಯಿತು. ಉಸ್ತಾದರು ಪರದೆಯತ್ತ ತಿರುಗಿ, "ಟೀಚರೇ, ಪ್ರಶ್ನೆ ನಮ್ಮನೇದು, ಬಾಯಿ ನಿಮ್ಮನೇದು. ನಮ್ಮವರು ಗೋರೀಲಿ ನಿಮ್ಮ ಉತ್ತರ ಕೊಟ್ರೆ ನಾನು ಕೆಟ್ಟೆ!" ಎಂದರು.

ಆಗ ಟೀಚರಮ್ಮನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

*

"ನಾಲ್ಕು ತಿಂಗಳು ಹಾಸಿಗೇಲಿದ್ದ," ಎಂದಳು ತಂಗಿ. "ಒಡಹುಟ್ಟಿದೋಳು ನಾನು ಕೂಗಿದ್ರೆ ಸೂರು ನೋಡೋನು. ನೀವು ಬಂದು ಕೂತ್ರೆ ಮಾತ್ರ ನಾಲಿಗೆ ಹೊರಳ್ತಿತ್ತು. ನಿಮ್ಮನ್ನ ದೂರ್ತಿಲ್ಲ. ಆದ್ರೆ ಕೇಳಿದ್ದು ಏನು ನೀವು?"

ಮೊದಲ ದಿನ ಟೀಚರಮ್ಮ ಮಾಡಿದ್ದು ಬರೀ ತಮಾಷೆಗೆ. ಮಾತು ಬಿದ್ದುಹೋದ ಮನುಷ್ಯನ ಕಿವಿಯ ಬಳಿ ಬಗ್ಗಿ, "ನಿನ್ನನ್ನು ಉಂಟುಮಾಡಿದವನು ಯಾರು?" ಎಂದು ತಮ್ಮ ಪಾಠದ ಪ್ರಶ್ನೆ ಕೇಳಿದ್ದರು. ಎಪ್ಪತ್ತು ದಾಟಿದ ಆ ಗಂಟಲಿನಿಂದ ಹಾಲುಹಲ್ಲಿನ ಮಗುವಿನ ತೆಳ್ಳಗಿನ ದನಿ ಎದ್ದಿತ್ತು. "ನಮ್ಮ ಕರ್ತನು." ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಆ ಬಾಯಿಂದ ಏನಾದರೊಂದು ಮಾತು ಬರಲಿ ಎಂಬ ಆಸೆಗೆ ವಾರವಾರವೂ ಬಂದು ಕೇಳಿದರು. ಕೊನೆಕೊನೆಗೆ, ದೇವರಿಗೆ ಮಾಡಬೇಕಾದದ್ದು ಎಷ್ಟು ಎಂದರೆ ಉಸ್ತಾದರು ಎರಡೂ ಕೈ ಎತ್ತಿ ಹತ್ತು ಬೆರಳು ಬಿಡಿಸುತ್ತಿದ್ದರು.

"ಇವತ್ತು ಗೋರೀಲಿ ಆ ದೂತರಿಬ್ಬರು ಬಂದು ಕೇಳ್ತಾರೆ," ಎಂದಳು ತಂಗಿ. "ಅಣ್ಣ ಏನಂತಾನೆ?"

"ಇಮಾಮರು ಗೋರಿ ಹತ್ರ ಹೇಳ್ಕೊಡ್ತಾರಲ್ಲಮ್ಮ."

"ಅವರ ದನಿಗೆ ಎಲ್ಲಿ ಓಗೊಡ್ತಾನೆ? ನಿಮ್ಮ ದನಿಗೇ ಅವನ ಕಿವಿ. ನೀವೇ ಕೇಳ್ಬೇಕು. ನಮ್ಮ ಪ್ರಶ್ನೆ."

"ನಂಗೆ ಹೇಗಮ್ಮ ಒಪ್ಪುತ್ತೆ? ದೇವರ ಹೆಸರನ್ನ ಸುಮ್ಮಸುಮ್ಮನೆ ಎತ್ತಬಾರ್ದು ಅಂತ ಮಕ್ಕಳಿಗೆ ಹೇಳ್ಕೊಟ್ಟೋಳು ನಾನು."

"ಇದು ಸುಮ್ಮಸುಮ್ಮನೆನಾ, ಟೀಚರಕ್ಕ?"

ಬಟ್ಟೆ ಹರಿಯುವ ಸದ್ದು ಆಗ ನಿಂತಿತು.

*

ಮಧ್ಯಾಹ್ನದ ನಮಾಜು ಮುಗಿದು, ಉಸ್ತಾದರನ್ನು ಹೊತ್ತ ಜನಾಜಾ ಎದ್ದಿತು. ನೆತ್ತಿ ಸುಡುವ ಬಿಸಿಲು, ನೆರಳೆಲ್ಲ ಕಾಲಡಿಯಲ್ಲಿ. ಹೆಗಲು ಕೊಟ್ಟವರಲ್ಲಿ ಪರದೆಯ ಎರಡೂ ಕಡೆ ಕಲಿತವರಿದ್ದರು.

"ಐದೂ ನೆನಪಿದೆಯೇನೋ ಬಡಗಿ?" ಎಂದ ದರ್ಜಿ.

"ಇಲ್ದೆ ಏನು? ಬೆರಳಿಗೊಂದು ಏಟು ತಿಂದೋನು ನಾನು. ನೀನು ಆಚೆ ಕಡೆಯೋನು, ಹತ್ತು ತಿಂದಿರ್ಬೇಕು."

"ನಮ್ಮ ಟೀಚರು ಹೊಡೀತಿರ್ಲಿಲ್ಲಪ್ಪ. ಉತ್ತರ ಬರೋ ತನಕ ಸುಮ್ನೆ ನಿಂತಿರೋರು. ಅದಕ್ಕಿಂತ ಏಟೇ ವಾಸಿ."

ಹೆಂಗಸರು ಖಬರಸ್ತಾನದ ಗೋಡೆಯ ಹೊರಗೇ ಉಳಿದರು. ಎದೆಮಟ್ಟದ ಆ ಗೋಡೆಯಿಂದ ಗೋರಿ ಹತ್ತಾರು ಮಾರು ದೂರ. ಮೂರು ಮೂರು ಹಿಡಿ ಮಣ್ಣು ಬಿತ್ತು. ಒಂದು ಕಾಲದಲ್ಲಿ ಉಸ್ತಾದರ ಶಿಷ್ಯರೇ ಆಗಿದ್ದ ಇಮಾಮರು ತಲೆಯ ಕಡೆ ಕೂತು, ಉತ್ತರಗಳನ್ನು ಮೆಲ್ಲಗೆ ಹೇಳಿಕೊಟ್ಟು ಎದ್ದರು. ಗಂಡಸರು ಬಾಗಿಲಿನತ್ತ ಹೆಜ್ಜೆ ಹಾಕಿದರು.

"ಎಣಿಸಿ," ಎಂದು ತಂಗಿ ಪಿಸುಗುಟ್ಟಿದಳು. "ಜನ ನಲವತ್ತು ಹೆಜ್ಜೆ ಹೋಗೋದೇ ತಡ, ದೂತರು ಬರ್ತಾರೆ ಅಂತ ಅಣ್ಣ ಮಕ್ಕಳಿಗೆ ಹೇಳೋನು."

ಟೀಚರಮ್ಮ ಎಣಿಸಿದರು. ಮೂವತ್ತಾಯಿತು. ಗೋಡೆಯ ಮೇಲಿದ್ದ ಹಕ್ಕಿಗಳು ಒಮ್ಮೆಗೇ ಸುಮ್ಮನಾದವು. ಮೂವತ್ತೈದು. ಗಾಳಿಯಿಲ್ಲದೆಯೂ ಹಸಿಮಣ್ಣಿನ ಹೆಂಟೆಯೊಂದು ಗುಡ್ಡೆಯಿಂದ ಉರುಳಿತು. ಟೀಚರಮ್ಮ ಕಣ್ಣು ಮುಚ್ಚಿ, 'ಸ್ವಾಮೀ, ನಿನಗೆ ಮಾಡಬೇಕಾದದ್ದು ಯಾವುದೆಂದು ಈಗ ನನಗೂ ತಿಳಿಯದು, ತಪ್ಪಾದರೆ ನನ್ನ ಮೇಲೆ ಹಾಕು' ಎಂದುಕೊಂಡರು. ನಲವತ್ತಕ್ಕೆ ಬಾಯಿ ತೆರೆದರು.

ಮೂವತ್ತೊಂದು ವರ್ಷ ಪರದೆಯಾಚೆಯಿಂದ ಕೇಳಿಸಿಕೊಂಡ ರಾಗ, ಎಳೆತ, ಕೊನೆಯ ಏರು ಎಲ್ಲವೂ ತಮಗೆ ಬಾಯಿಪಾಠವಾಗಿತ್ತೆಂದು ಅವರಿಗೆ ಆಗಲೇ ತಿಳಿದದ್ದು.

"ನಿನ್ನ ಒಡೆಯ ಯಾರು?"

ಪಾಠದ ಕೋಣೆಯಲ್ಲಿ ಹೇಗೋ ಹಾಗೆ, ಸುಮ್ಮನೆ ನಿಂತು ಕಾದರು.

ಬಾಗಿಲ ಬಳಿ ತಲುಪಿದ್ದ ಗಂಡಸರು ಒಬ್ಬೊಬ್ಬರಾಗಿ ನಿಂತರು. ಬಡಗಿ ನಿಂತ, ದರ್ಜಿ ನಿಂತ. ಎಲ್ಲ ತಲೆಗಳೂ ಹಿಂದಕ್ಕೆ ಹೊರಳಿದವು. ಟೀಚರಮ್ಮನ ದನಿ ಬಂದ ಗೋಡೆಯ ಕಡೆಗಲ್ಲ, ಮಣ್ಣಿನ ಕಡೆಗೆ. ಎಲ್ಲರಿಗಿಂತ ಹಿಂದಿದ್ದ ಇಮಾಮರ ಮುಖ ಬಿಳಿಚಿಕೊಂಡಿತ್ತು. ಸರಿಯಾಗಿ ಒಪ್ಪಿಸಿದ ಪಾಠ ಕೇಳಿಸಿಕೊಂಡ ಮೇಷ್ಟ್ರ ಹಾಗೆ, ಅವರು ಗೋರಿಯತ್ತ ನೋಡುತ್ತಾ, ನಿಧಾನವಾಗಿ ಒಮ್ಮೆ ತಲೆಯಾಡಿಸಿದರು.