ಮುಚ್ಚಳದ ಡಬ್ಬಿ

“ಎಲಡಿಕೆ ಜೊಲ್ಲು ತಂದು ಕಫ ಅಂತೀಯೇನೇ, ಮುಂಡೆ? ನಿನ್ನ ಗಂಡಂಗೆ ರೋಗಾನೂ ಇಲ್ಲ, ಮಣ್ಣೂ ಇಲ್ಲ. ಮೈಗಳ್ಳ ಅವ್ನು. ಹೋಗಿ ಗಾಜು ತೊಳಿ.”

ಸೂಕ್ಷ್ಮದರ್ಶಕದ ಮುಂದೆ ಕೂತಿದ್ದ ಕಾಂಪೌಂಡರ್ ಮರುಳಸಿದ್ದಪ್ಪ ಕಣ್ಣಿಟ್ಟು ತೆಗೆದದ್ದಷ್ಟೇ, ನೋಡಿದ್ದು ಯಾವಾಗಲೋ ಅವನಿಗೇ ಗೊತ್ತು. ಸಾಹುಕಾರ ವಿರೂಪಾಕ್ಷಪ್ಪ ಹೊನ್ನಾಳಿಯಲ್ಲಿ ಕಟ್ಟಿಸಿದ್ದ ಧರ್ಮದ ದವಾಖಾನೆ ಅದು. ಹತ್ತಿ ಗಿರಣಿಯೂ ಅವರದೇ. ಆ ಗಿರಣಿಯ ಧೂಳಿನಲ್ಲೇ, ದವಾಖಾನೆಯ ಕೆಲಸದಾಕೆ ಗುಲ್ಜಾರ್‌ಬೀಯ ಗಂಡ ಲಾಲ್‌ಸಾಬ್ ರಕ್ತ ಕೆಮ್ಮುತ್ತಿದ್ದ. ಕ್ಷಯದ ಹುಳ ಕಂಡರೆ ಮೈಸೂರಿನ ಆಸ್ಪತ್ರೆಗೆ ಚೀಟಿ, ಕಾಣದಿದ್ದರೆ ಮತ್ತೆ ಗಿರಣಿ. ಎರಡು ಸಲವೂ ಕಂಡಿರಲಿಲ್ಲ. ಕಾಣುವುದಾದರೂ ಹೆಂಗೆ? ಕಫ ಸವರಿ ನೋಡಲು ಕೂಲಿಯವರಿಗೆಲ್ಲ ಅದೇ ನಾಲ್ಕು ಗಾಜು. ಗುಲ್ಜಾರ್‌ಬೀ ಬೂದಿ ಹಾಕಿ ತಿಕ್ಕಿ ತಿಕ್ಕಿ ಅವು ಗೀರುಬಿದ್ದು ಮಬ್ಬಾಗಿದ್ದವು.

ಅಷ್ಟರಲ್ಲಿ ಸಾಹುಕಾರರ ಹೆಂಡತಿ ಅನ್ನಪೂರ್ಣಮ್ಮನ ಗಾಡಿ ಬಂತು. ಅವರಿಗೂ ಕೆಮ್ಮು. ಮರುಳಸಿದ್ದಪ್ಪ ಎದ್ದು ನಿಂತ.

“ಅಮ್ಮಾರೆ, ಬೆಳಿಗ್ಗೆ ಎದ್ದ ಕೂಡ್ಲೇ ಬಾಯಿ ಮುಕ್ಕಳಿಸ್ರಿ. ಎದೆ ಆಳದಿಂದ ಮೂರು ಸಲ ಕೆಮ್ಮಿ, ಬಂದಿದ್ದನ್ನ ಈ ಡಬ್ಬ್ಯಾಗೆ ಉಗುಳಿ ಮುಚ್ಚಳ ಹಾಕ್ರಿ. ಜೊಲ್ಲು ಬ್ಯಾಡ.” ಅವರಿಗೆಂದು ಕಾಗದ ಸುತ್ತಿದ ಹೊಸ ಗಾಜೊಂದನ್ನು ತೆಗೆದಿಟ್ಟ.

ಕೆಮ್ಮುವುದಕ್ಕೂ ಒಂದು ಪದ್ಧತಿ ಇದೆಯೆಂದು ಈ ಹಲ್ಕಟ್ ಒಂದು ದಿನವಾದರೂ ಬಾಯಿಬಿಟ್ಟಿದ್ದನೇ? ಅಮ್ಮನವರ ಸೀರೆ, ಬಂಗಾರ, ಗಾಡಿ ಕಂಡಾಗ ಉರಿಯದ ಗುಲ್ಜಾರ್‌ಬೀಯ ಹೊಟ್ಟೆ ಆ ತಗಡಿನ ಮುಚ್ಚಳ ಕಂಡು ಧಗಧಗ ಉರಿಯಿತು. ಮಂದಿ ಸುಖಕ್ಕೆ ಕರುಬುತ್ತಾರೆ, ಇವಳು ರೋಗಕ್ಕೆ ಕರುಬಿದಳು. ಹೊರಡುವಾಗ ಅಂಥದೇ ಡಬ್ಬಿಯೊಂದು ಅವಳ ಸೆರಗಿನೊಳಗಿತ್ತು.

ಮರುದಿನ ಬೆಳಕು ಹರಿಯುತ್ತಲೇ ಗಂಡನನ್ನು ಎಬ್ಬಿಸಿದಳು. “ಏಳ್ರಿ, ಸಾಹುಕಾರ್ತಿ ಕೆಮ್ಮಿದಂಗೆ ಕೆಮ್ರಿ.” ಲಾಲ್‌ಸಾಬ್ ನಕ್ಕ. ನಗು ಕೆಮ್ಮಾಯಿತು, ಡಬ್ಬಿಗೆ ಬೇಕಾದ್ದು ಬಂತು.

ದವಾಖಾನೆಯಲ್ಲಿ ಡಬ್ಬಿ ಇಸಿದುಕೊಳ್ಳುವುದು ಅವಳದೇ ಕೆಲಸ. ಅನ್ನಪೂರ್ಣಮ್ಮನ ಡಬ್ಬಿಯನ್ನು ಬೂದಿ ಗಡಿಗೆಯ ಹಿಂದೆ ಜೋಪಾನವಾಗಿಟ್ಟು, ಗಂಡನದನ್ನು ಮೇಜಿನ ಮೇಲಿಟ್ಟಳು. ಮರುಳಸಿದ್ದಪ್ಪ ಹೊಸ ಗಾಜಿಗೆ ಸವರಿ, ಕೆಂಪು ಬಣ್ಣ ಹಾಕಿ, ಕಾಯಿಸಿ, ತೊಳೆದು, ಉಸಿರು ಹಿಡಿದು ನೋಡಿದ. ನೋಡುತ್ತಲೇ ಇದ್ದ. ಪಕ್ಕದಲ್ಲಿ ಸಾಹುಕಾರರೇ ನಿಂತಿದ್ದರು.

“ಐತೆ ರೀ,” ಅಂದ, ಹಣೆ ಒರೆಸಿಕೊಂಡು. “ಒಂದಲ್ಲ ಎರಡಲ್ಲ, ತುಂಬ್ಕಂಡಾವೆ. ಇವತ್ತೇ ಮೈಸೂರಿಗೆ ಕಳಿಸ್ಬೇಕು.”

ಸಾಹುಕಾರರು ಬೆಂಚಿನ ಮೇಲೆ ಕುಸಿದರು. “ಬರಿಯಪ್ಪ, ಮೊದ್ಲು ಚೀಟಿ ಬರಿ.”

“ಹೆಸರು ಲಾಲ್‌ಸಾಬ್ ಅಂತ ಬರೀರಿ,” ಅಂದಳು ಗುಲ್ಜಾರ್‌ಬೀ. “ಅದು ನನ್ನ ಗಂಡಂದು. ಅಮ್ಮಾರದ್ದು ಇಲ್ಲೈತೆ, ಮುಚ್ಚಳ ತಗದಿಲ್ಲ. ಅದನ್ನೂ ಹಿಂಗೇ ನೋಡ್ರಿ.”

ಸಾಹುಕಾರರ ಮುಖಕ್ಕೆ ಜೀವ ಬಂತು. ಅವರು ನಕ್ಕೇಬಿಟ್ಟರು. ಬಾಗಿಲಲ್ಲಿ ಸಾಲು ನಿಂತಿದ್ದ ಕೂಲಿಯವರು ಆ ನಗುವನ್ನು ನೋಡಿದರು.

“ಬೋಸುಡಿ, ನನಗೇ ಮೋಸ ಮಾಡ್ತೀಯ?” ಮರುಳಸಿದ್ದಪ್ಪ ಲೇಖನಿ ಕೆಳಗಿಟ್ಟು ಗಾಜು ಒರೆಸಿಹಾಕಲು ಬಟ್ಟೆ ತೆಗೆದುಕೊಂಡ. ಅವನ ಕೈ ಮುಟ್ಟುವ ಮೊದಲೇ ಅವಳು ಗಾಜನ್ನು ಅಂಚು ಹಿಡಿದು ಎತ್ತಿಕೊಂಡಳು.

“ಗಾಜು ತೊಳಿಯೋದು ನನ್ನ ಕೆಲಸ ರೀ,” ಅಂದಳು. “ಇದನ್ನ ತೊಳಿಯಾಕಿಲ್ಲ. ಬರೀರಿ.”