ಮೊದಲರ್ಧದ ಬಾತುಕೋಳಿ

ಅಳಿಯ ಅಡುಗೆಕೋಣೆಯ ಮೂಲೆಯಲ್ಲಿ ಬೆನ್ನು ತಿರುಗಿಸಿ ನಿಂತು, ಫೋನನ್ನು ಕಿವಿಗೆ ಒತ್ತಿಕೊಂಡು ಮತ್ತೊಂದು ಬಾತುಕೋಳಿಯ ಹಾಡು ಕೇಳುತ್ತಿದ್ದ. ಅಂಕಿ ಕಲಿಸುವ ಬಾತುಕೋಳಿ ಮುಗಿದಿತ್ತು, ಹಲ್ಲುಜ್ಜಲು ಹೇಳುವ ಬಾತುಕೋಳಿ ಮುಗಿದಿತ್ತು, ಈಗ ಗೊತ್ತಿಲ್ಲದ ಯಾವುದೋ ಭಾಷೆಯಲ್ಲಿ ಅಳುವ ಬಾತುಕೋಳಿ ನಡೆದಿತ್ತು. ಮುಂದಿನ ಕೋಣೆಯಲ್ಲಿ ಮಾವನ ದೇಹವಿತ್ತು. ಬಂದವರು ತಲೆ ತಗ್ಗಿಸಿ ಸುತ್ತ ಕೂತಿದ್ದರು. ಹೆಬ್ಬೆರಳು ಎಲ್ಲಿ ತಾಗಿತೋ ಏನೋ, ಫೋನು ಇದ್ದಕ್ಕಿದ್ದಂತೆ ದೊಡ್ಡ ದನಿ ತೆಗೆಯಿತು. ಅವನು ಗಾಬರಿಬಿದ್ದು ಅದನ್ನು ಹಿಟ್ಟಿನ ಡಬ್ಬದೊಳಗೆ ತುರುಕಿ ಮುಚ್ಚಳ ಹಾಕಿದ.

"ಸಿಕ್ತಾ?" ಅವನ ಹೆಂಡತಿ, ಅಂದರೆ ಸತ್ತವರ ಒಬ್ಬಳೇ ಮಗಳು, ಬಾಗಿಲಲ್ಲಿ ನಿಂತು ಪಿಸುಗುಟ್ಟಿದಳು.

"ಲೋಕದಲ್ಲಿ ಇಷ್ಟೊಂದು ಬಾತುಕೋಳಿ ಇವೆ ಅಂತ ನಂಗೆ ಇವತ್ತೇ ಗೊತ್ತಾಗಿದ್ದು. ನಿಮ್ಮಪ್ಪಂದು ಮಾತ್ರ ಇಲ್ಲ."

"ಈಜು ಬರದ ಬಾತುಕೋಳಿ ಅಂತ ಹಾಕಿ ನೋಡಿದ್ರಾ?"

"ಹಾಕ್ದೆ. ಈಜು ಕಲಿಸ್ತೀವಿ ಬನ್ನಿ ಅಂತ ಜಾಹೀರಾತು ಬಂತು."

ಮಗಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡಳು. "ಇನ್ನೇನು ವ್ಯಾನು ಬಂದ್ಬಿಡತ್ತೆ. ಅಮ್ಮ ಬೆಳಗ್ಗೆಯಿಂದ ಕೇಳಿದ್ದು ಇದೊಂದೇ."

ಅದು ನಿಜ. ಬೆಳಗ್ಗೆ ಹೂವು ಎಷ್ಟು, ಕುರ್ಚಿ ಎಲ್ಲಿಂದ, ಯಾರಿಗೆ ಹೇಳಿಕಳಿಸಬೇಕು ಎಂದು ಮನೆ ಮಂದಿಯೆಲ್ಲ ಓಡಾಡುತ್ತಿದ್ದಾಗ, ಗಂಡನ ತಲೆಯ ಹತ್ತಿರ ಕೂತಿದ್ದ ಅಮ್ಮ, ಊರವರ ಬಾಯಲ್ಲಿ ಟಿಕೆಟಕ್ಕ, ಒಂದೇ ಮಾತು ಹೇಳಿದ್ದಳು: "ಬಾತುಕೋಳಿ ಹಾಡಿಗೆ ವ್ಯವಸ್ಥೆ ಆಗ್ಬೇಕು. ಅವರೇ ಕೇಳ್ಕೊಂಡಿದ್ದಾರೆ." ಹೋದವಾರ ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು, "ಅಳೋ ಹಾಡು ಹಾಕಿಸ್ಬೇಡ. ಅವೆಲ್ಲ ನಿನ್ನ ಸೆಕೆಂಡ್ ಹಾಫಿನವು. ನಂಗೆ ನನ್ನ ಬಾತುಕೋಳಿ ಸಾಕು" ಅಂದಿದ್ದರಂತೆ.

ಡಬ್ಬದೊಳಗಿಂದ ಬಾತುಕೋಳಿ ಇನ್ನೂ ಅಳುತ್ತಲೇ ಇತ್ತು. ಆ ದನಿಯನ್ನು ಹಿಡಿದುಕೊಂಡು ದೊಡ್ಡತ್ತೆ ಬಂದರು. ದೊಡ್ಡತ್ತೆ ಎಂದರೆ ತೀರಿಕೊಂಡವರ ಅಕ್ಕ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರು, ಬೆನ್ನು ಬಾಗಿದರೂ ಮಾತು ಬಾಗಿರಲಿಲ್ಲ.

"ಏನಿದು? ಸಾವಿನ ಮನೇಲಿ ಕ್ವಾಕ್ ಕ್ವಾಕ್ ಅಂತ!"

"ಅತ್ತೆ, ಅಪ್ಪಂಗೆ ಇಷ್ಟ ಅಂತ..."

"ಅವನ ಇಷ್ಟ ನಂಗೊತ್ತಿಲ್ವಾ? ನನ್ನ ಬೆನ್ನಿಗೆ ಹುಟ್ಟಿದೋನು." ದೊಡ್ಡತ್ತೆ ಗೋಡೆಗೆ ಕೈ ಊರಿದರು. "ಬದುಕಿದ್ದಷ್ಟು ದಿನವೂ ಜನ ಅವನನ್ನ ನೋಡಿ ನಕ್ಕಿದ್ದೇ ಆಯ್ತು. ಟ್ರೇ ಹಿಡ್ಕೊಂಡು ಕುಂಡೆ ಕುಣಿಸ್ತಾ ಬಾತುಕೋಳಿ ಥರ ನಡೀತಿದ್ದ. ಬೀದಿ ಮಕ್ಕಳೆಲ್ಲ ಹಿಂದೆ. ನಂಗೆ ತಲೆ ಎತ್ತೋಕಾಗ್ತಿರಲಿಲ್ಲ. ಇದೊಂದು ದಿನ, ಇದೊಂದೇ ದಿನ, ಮರ್ಯಾದೆಯಾಗಿ ಹೋಗ್ಲಿ. ಇವತ್ತು ಯಾರೂ ಅವನನ್ನ ನೋಡಿ ನಗಬಾರ್ದು."

ಅವರ ಕಣ್ಣು ತುಂಬಿಕೊಂಡಿತ್ತು. ಬೈದಿದ್ದರೆ ಮಗಳು ಎದುರಾಡುತ್ತಿದ್ದಳು. ಹೀಗೆ ಹೇಳಿದ್ದಕ್ಕೆ ಡಬ್ಬದಿಂದ ಫೋನು ತೆಗೆದು, ಬಾತುಕೋಳಿಯ ದನಿ ನಿಲ್ಲಿಸಿ ಗಂಡನ ಕೈಗಿಟ್ಟಳು.

*

ಮದುವೆಗೆ ಮುಂಚೆ, ಊರಿನ ಹಳೇ ಟಾಕೀಸಿನಲ್ಲಿ ಟಿಕೆಟಕ್ಕನದು ಟಿಕೆಟ್ ಕೌಂಟರು, ಅವಳ ಗಂಡನಾಗಲಿದ್ದವನದು ಕ್ಯಾಂಟೀನು. ತಡವಾಗಿ ಬರುವ ಪುಣ್ಯಾತ್ಮರಿಗಾಗಿ ಅವಳು ಇಂಟರ್ವಲ್ ತನಕ ಕಿಟಕಿ ಕಾಯಬೇಕಿತ್ತು. ಆಮೇಲೆ ಬೀಗ ಹಾಕಿ ಹೋಗಿ ಕೊನೇ ಸಾಲಿನಲ್ಲಿ ಕೂತರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವನದು ತಿರುಗುಮುರುಗು. ಇಂಟರ್ವಲ್ಲಿಗೆ ಚಹಾ, ಬನ್ನು ಹೊತ್ತು ಓಡಾಡಿದ ಮೇಲೆ ಉಳಿದರ್ಧವೆಲ್ಲ ಲೋಟ ತೊಳೆಯುವುದರಲ್ಲೇ ಮುಗಿಯುತ್ತಿತ್ತು. ಮೊದಲರ್ಧ ಮಾತ್ರ ತನ್ನದು ಎಂದು ಹೇಳಿಕೊಳ್ಳುತ್ತಿದ್ದ. ಅವನಿಗೆ ಇಂಟರ್ವಲ್ ಎಂದು ಹೆಸರು ಬಿದ್ದದ್ದು ಹಾಗೆ. ವಯಸ್ಸಾದಂತೆ ಅದು ಇಂಟರ್ವಲ್ ಮಾಮ ಆಯಿತು.

ಆಟ ಬಿಟ್ಟ ಮೇಲೆ ಇಬ್ಬರೂ ಕೌಂಟರಿನ ಕಿಟಕಿಯ ಆಚೆ ಒಬ್ಬ, ಈಚೆ ಒಬ್ಬಳು ನಿಂತು ಅರ್ಧರ್ಧ ಸಿನಿಮಾವನ್ನು ಸೇರಿಸಿ ಹೊಲಿಯುತ್ತಿದ್ದರು. "ಬಸ್‌ಸ್ಟಾಪಲ್ಲಿ ಇಬ್ರೂ ಡಿಕ್ಕಿ ಹೊಡ್ಕೊಂಡ್ರು, ಕೊಡೆ ಬದಲಾಯ್ತು" ಎಂದು ಅವನು ಶುರು ಮಾಡುವನು. "ಅದಕ್ಕೇ ಹೇಳು, ಕೋರ್ಟಲ್ಲಿ ಆ ಕೊಡೆ ಯಾಕೆ ಬಂತು ಅಂತ!" ಎಂದು ಅವಳು ಹಣೆ ಚಚ್ಚಿಕೊಳ್ಳುವಳು. ಬರುಬರುತ್ತಾ ಅವರವರ ಅರ್ಧ ಅವರವರ ಸ್ವಭಾವವೇ ಆಗಿಬಿಟ್ಟಿತು. ಅವನ ಲೆಕ್ಕದಲ್ಲಿ ಲೋಕವೆಂದರೆ ಕಾಲೇಜು, ತೋಟ, ತಮಾಷೆಯ ಗೆಳೆಯ, ಕಾರಣವಿಲ್ಲದೆ ಶುರುವಾಗುವ ಹಾಡು. ಅವಳಿಗೆ ಗೊತ್ತಿದ್ದದ್ದು ಏಟು ತಿಂದ ಹೀರೋ, ಆಸ್ಪತ್ರೆ, ಮಳೆಯಲ್ಲಿ ಓಡುವ ತಾಯಿ. ಮದುವೆಯಾದ ಮೇಲೂ ಹಾಗೇ. ಮನೆಗೆ ಏನಾದರೂ ಕಷ್ಟ ಬಂದರೆ ಅವನು ಬೆದರಿ ಬೆಪ್ಪಾಗುತ್ತಿದ್ದ, ಅವಳು ಮಾತ್ರ ಗಟ್ಟಿ. "ಇದೆಲ್ಲ ನಾನು ನೋಡಿರೋದೇ. ಕೊನೇಲಿ ಸರಿಹೋಗತ್ತೆ" ಎಂದು ಒಲೆ ಹಚ್ಚುತ್ತಿದ್ದಳು.

ಆದರೆ ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಿನಿಮಾ ಅಲ್ಲ. "ಮೇನ್ ಪಿಕ್ಚರ್ ಮುಂಚೆ ಒಂದು ಪುಟ್ಟ ಕಾರ್ಟೂನ್ ಹಾಕ್ತಾರೆ, ಗೊತ್ತಾ?" ಎಂದು ಅವನು ಒಂದು ದಿನ ಕೇಳಿದ್ದ. ಈಜು ಬರದ ಒಂದು ಬಾತುಕೋಳಿ. ಅದು ಹೋಟೆಲಿನಲ್ಲಿ ಕೆಲಸಕ್ಕಿದೆ. ಎಲ್ಲಿಗೆ ಹೋದರೂ ತಡ, ತಡವಾದದ್ದಕ್ಕೆ ಒಂದೊಂದು ಸಲ ಒಂದೊಂದು ನೆಪ, ನೆಪಕ್ಕೊಂದು ಹಾಡು. ಟ್ರೇ ತಲೆ ಮೇಲಿಟ್ಟುಕೊಂಡು ಅವನು ಅದರಂತೆ ನಡೆದು ತೋರಿಸುತ್ತಿದ್ದ. ಅವಳು ಕೌಂಟರಿನೊಳಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ವಾರಕ್ಕೊಂದು ಹೊಸ ಸಿನಿಮಾ ಬಂದರೆ ವಾರಕ್ಕೊಂದು ಹೊಸ ಬಾತುಕೋಳಿ ಕತೆ.

*

ಅಳಿಯ ಕೊನೆಗೆ ಫೋನಿನ ಹಿಟ್ಟು ಒರೆಸಿಕೊಂಡು ಹೆಂಡತಿಯ ಜೊತೆ ಹೊರಗೆ ಬಂದ. ಬಾಗಿಲ ಬಳಿಯ ಕುರ್ಚಿಗಳಲ್ಲಿ ಟಾಕೀಸಿನ ಇಬ್ಬರು ಹಳಬರು ಕೂತಿದ್ದರು. ಒಬ್ಬ ಟಾರ್ಚಣ್ಣ, ಕತ್ತಲಲ್ಲಿ ಜನರಿಗೆ ಸೀಟು ತೋರಿಸುತ್ತಿದ್ದವನು. ಇನ್ನೊಬ್ಬರು ಆಪರೇಟರ್, ಪ್ರೊಜೆಕ್ಟರ್ ನಡೆಸುತ್ತಿದ್ದವರು. ತಾವಿಲ್ಲದಿದ್ದರೆ ಸಿನಿಮಾ ಎಂಬುದೇ ಇರುತ್ತಿರಲಿಲ್ಲ ಎಂಬ ಗತ್ತು ಅವರಿಗೆ ಈಗಲೂ ಇತ್ತು.

"ಸಾರ್, ಆ ಬಾತುಕೋಳಿ ಕಾರ್ಟೂನ್ ಹೆಸರೇನು? ಪಿಕ್ಚರ್ ಮುಂಚೆ ಹಾಕ್ತಿದ್ರಲ್ಲ."

"ಯಾವ ಬಾತುಕೋಳಿ?"

"ಅದೇ, ಈಜು ಬರದ್ದು. ಹೋಟೆಲಲ್ಲಿ ಕೆಲಸಕ್ಕಿರತ್ತೆ."

ಆಪರೇಟರ್ ಕನ್ನಡಕ ಸರಿಮಾಡಿಕೊಂಡರು. "ಆ ಟಾಕೀಸಲ್ಲಿ ಓಡಿದ ಒಂದೊಂದು ರೀಲೂ ಈ ಕೈಯಲ್ಲೇ ಓಡಿದ್ದು. ಬಾತುಕೋಳಿಯೂ ಇಲ್ಲ, ಗುಬ್ಬಚ್ಚಿಯೂ ಇಲ್ಲ. ಕಾರ್ಟೂನೇ ಇರಲಿಲ್ಲ. ಪಿಕ್ಚರ್ ಮುಂಚೆ ಹಾಕ್ತಿದ್ದಿದ್ದು ಸೋಪಿನ ಜಾಹೀರಾತು, ಬಟ್ಟೆ ಅಂಗಡಿ ಸ್ಲೈಡು, ಅಷ್ಟೇ."

ಟಾರ್ಚಣ್ಣ ಅವರ ಕಾಲು ತುಳಿದ. ಆಪರೇಟರ್ ಕಾಲು ಎಳೆದುಕೊಂಡು ಇನ್ನೂ ಜೋರಾಗಿ ಹೇಳಿದರು. "ಯಾಕಯ್ಯಾ ತುಳೀತೀಯ? ಇರೋದನ್ನೇ ಹೇಳ್ತಿದೀನಿ. ಅಷ್ಟಕ್ಕೂ ಇಂಟರ್ವಲ್ ಯಾವತ್ತು ಪಿಕ್ಚರ್ ನೋಡಿದ್ದ? ಮೊದಲರ್ಧ ಪೂರ್ತಿ ಸ್ಟವ್ ಮುಂದೆ ನಿಂತಿರ್ತಿದ್ದ. ಪರದೆ ಹಿಂದಿನ ಗೋಡೆಗೆ ಅಂಟಿಕೊಂಡೇ ಇತ್ತು ಕ್ಯಾಂಟೀನು. ಕಿವಿಗೆ ಬಿದ್ದಷ್ಟೇ ಅವನ ಪಿಕ್ಚರ್."

ಗೋಡೆಗೂ ಕಿವಿಯಿದೆ ಅನ್ನುತ್ತಾರೆ. ಇಂಟರ್ವಲ್ ಮಾಮನ ಕಿವಿಗೇ ಒಂದು ಗೋಡೆಯಿತ್ತು. ಆಚೆಯಿಂದ ಒಂದು ಕಿರುಚಾಟ, ಒಂದು ಹಾರ್ನು, ಅರ್ಧ ಹಾಡು ಬಂದರೆ ಈಚೆ ಅವನು ಚಹಾ ಕುದಿಯುವುದರೊಳಗೆ ಇಡೀ ಕತೆ ಕಟ್ಟಿಬಿಡುತ್ತಿದ್ದ. ಇದು ಟಾರ್ಚಣ್ಣನಿಗೆ ಮೊದಲಿಂದಲೂ ಗೊತ್ತಿತ್ತು. ಗೆಳೆಯನ ಗುಟ್ಟೆಂದು ಬಾಯಿ ಬಿಟ್ಟಿರಲಿಲ್ಲ.

ಅಳಿಯ ಬೆಪ್ಪಾಗಿ ಹೆಂಡತಿಯ ಮುಖ ನೋಡಿದ. ಅವಳು ಒಳಗೆ ನೋಡಿದಳು. ಬಾಗಿಲು ತೆರೆದೇ ಇತ್ತು. ಅಮ್ಮ ಅಲ್ಲೇ, ಕೈಗೆಟುಕುವ ದೂರದಲ್ಲಿ, ತಲೆ ಎತ್ತಿ ಕೂತಿದ್ದಳು. ಎಲ್ಲ ಕೇಳಿಸಿತ್ತು. ಅಮ್ಮ ಬಾಳೆಲ್ಲ ನಂಬಿಕೊಂಡು ಬಂದದ್ದನ್ನು ಇವತ್ತೇ ಹೀಗೆ ಕಿತ್ತುಕೊಂಡಂತಾಯಿತಲ್ಲ ಎಂದು ಮಗಳು ಒಳಗೆ ಓಡಿದಳು.

*

ಮದುವೆಯಾಗ್ತೀಯಾ ಎಂದು ಇಂಟರ್ವಲ್ ಟಿಕೆಟಕ್ಕನನ್ನು ಕೇಳಿ ಆಗ ಬಹಳ ದಿನವಾಗಿತ್ತು. ಅವಳು ಹೂಂ ಎಂದೂ ಅಂದಿರಲಿಲ್ಲ, ಉಹೂಂ ಎಂದೂ ಅಂದಿರಲಿಲ್ಲ. ಒಂದು ಮಧ್ಯಾಹ್ನ ಹೆಚ್ಚು ಜನವಿರಲಿಲ್ಲ. ಪರಿಚಯದವಳೊಬ್ಬಳನ್ನು ಕಿಟಕಿಯಲ್ಲಿ ಕೂರಿಸಿ, ಒಂದು ಸಲವಾದರೂ ಆ ಬಾತುಕೋಳಿಯನ್ನು ಕಣ್ಣಾರೆ ನೋಡಿಬಿಡೋಣವೆಂದು ಅವಳು ಮೊದಲ ಗಂಟೆ ಹೊಡೆಯುತ್ತಲೇ ಒಳಗೆ ಹೋಗಿ ಕೂತಳು. ದೀಪ ಆರಿತು. ಸೋಪು ಬಂತು. ಬಟ್ಟೆ ಅಂಗಡಿ ಬಂತು. ಧೂಮಪಾನ ಮಾಡಬೇಡಿ ಬಂತು. ನೇರ ಸಿನಿಮಾ ಶುರುವಾಯಿತು.

ಆ ಸಂಜೆ ಅವನು ಯಥಾಪ್ರಕಾರ ಕಿಟಕಿಗೆ ಬಂದು, "ಇವತ್ತಂತೂ ಬಾತುಕೋಳಿ ಲಿಫ್ಟಲ್ಲಿ ಸಿಕ್ಕಿಹಾಕಿಕೊಳ್ತು ನೋಡು!" ಎಂದ.

ಅವಳು ನೆಟ್ಟಗೆ ಅವನ ಕಣ್ಣೊಳಗೆ ನೋಡಿ ಕೇಳಿದಳು. "ಅದರ ಬಾಲ ಯಾವ ಬಣ್ಣ?"

"ತುದಿ ಹಳದಿ. ಇಸ್ತ್ರಿ ಪೆಟ್ಟಿಗೆ ಮೇಲೆ ಕೂತಿತ್ತಲ್ಲ ಹೋದವಾರ, ಸುಟ್ಟು ಸ್ವಲ್ಪ ಕಂದು ಆಗಿದೆ."

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂತೋಷ, ಕುತ್ತಿಗೆಯವರೆಗೂ ತುಂಬಿಕೊಳ್ಳುವಂಥ ಸಂತೋಷ. ಊರಿಗೆಲ್ಲ ತೋರಿಸುವ ಸಿನಿಮಾವನ್ನು ಯಾರು ಬೇಕಾದರೂ ಮಾಡಿಯಾರು. ಒಬ್ಬಳಿಗೋಸ್ಕರ, ಟಿಕೆಟ್ ಪೆಟ್ಟಿಗೆಯೊಳಗೆ ಕೂತ ಒಬ್ಬಳು ನಗಲಿ ಎಂದು, ವಾರಾ ವಾರಾ ಇಡೀ ಕಾರ್ಟೂನು ಮಾಡುವವನು ಎಲ್ಲಿ ಸಿಗುತ್ತಾನೆ?

"ಆಮೇಲೆ? ಲಿಫ್ಟಿಂದ ಹೆಂಗೆ ಹೊರಗೆ ಬಂತು?" ಎಂದು ಕೇಳಿದಳು. ಕತೆ ಮುಗಿದ ಮೇಲೆ, "ಮನೇಲಿ ಬಂದು ಮಾತಾಡು" ಅಂದಳು. ತನಗೆ ಗೊತ್ತಾಗಿದೆ ಎಂದು ಮಾತ್ರ ಎಂದೂ ಹೇಳಲಿಲ್ಲ. ಹೇಳಿದ್ದರೆ ಬಾತುಕೋಳಿ ನಾಚಿಕೊಂಡು ಓಡಿಹೋಗುತ್ತಿತ್ತು.

*

"ಅಮ್ಮಾ..." ಎಂದು ಮಗಳು ಪಕ್ಕದಲ್ಲಿ ಕೂತಳು.

"ಫೋನಲ್ಲಿ ಹುಡುಕ್ತಿದ್ರಾ ಇಷ್ಟೊತ್ತು?" ಟಿಕೆಟಕ್ಕ ಕೇಳಿದಳು. "ಫೋನಲ್ಲಿ ಎಲ್ಲಿರತ್ತೆ? ಅದು ನಿಮ್ಮಪ್ಪ ಮಾಡಿದ್ದು. ನಮ್ಮ ಮದುವೆಗೂ ಮುಂಚಿಂದ ನಂಗೊತ್ತು."

ಬಾಗಿಲ ಬಳಿ ಟಾರ್ಚಣ್ಣ ಎದ್ದು ನಿಂತ. "ಅಕ್ಕಾ, ಗೊತ್ತಿತ್ತಾ? ನಾನು ಬಾಯಿಗೆ ಬೀಗ ಹಾಕ್ಕೊಂಡು ಸತ್ನಲ್ಲಾ ಇಷ್ಟು ವರ್ಷ!"

"ನೀನು ಸಾಯ್ಬೇಡ, ಹಾಡು. ನಿಂಗೆ ಬರಲ್ವಾ? ನೀವೆಲ್ಲ ಕೂತು ಹಾಡ್ತೀರಿ ಅಂತ ತಾನೇ ನಾನು ವ್ಯವಸ್ಥೆ ಮಾಡಿ ಅಂದಿದ್ದು."

ಆಮೇಲೆ ಅವಳು ಗಂಡನ ಆ ಪಕ್ಕ ಕೂತಿದ್ದ ದೊಡ್ಡತ್ತೆಯ ಕಡೆ ತಿರುಗಿದಳು. ಅಡುಗೆಕೋಣೆಯ ಮಾತೂ ಅವಳಿಗೆ ಕೇಳಿಸಿತ್ತು. ಆ ಮನೆಯಲ್ಲಿ ಯಾವ ಮಾತೂ ಒಂದೇ ಕೋಣೆಯಲ್ಲಿ ನಿಲ್ಲುತ್ತಿರಲಿಲ್ಲ.

"ಅತ್ತಿಗೆ, ಜನ ಸುಮ್ನೆ ನಕ್ಕಿದ್ದಲ್ಲ. ನಗಿಸೋಕೆ ಇವರು ಪಡ್ತಿದ್ದ ಕಷ್ಟ ನಾನು ನೋಡಿದೀನಿ. ಲೋಟ ತೊಳೀತಾ ತೊಳೀತಾ ಪದ ಹುಡುಕ್ತಿದ್ರು. ಆದ್ರೂ ನೀವು ಹಿರಿಯರು, ಎತ್ತಿ ಆಡಿಸಿದೋರು. ನೀವು ಬೇಡ ಅಂದ್ರೆ ಬೇಡ. ನಂಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಅನ್ನುವಾಗ ಅವಳ ಗದ್ದ ನಡುಗಿತು. ದೊಡ್ಡತ್ತೆ ಅದನ್ನು ನೋಡಿದರು. ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. ಯಾರೂ ಏಳಲಿಲ್ಲ. ದೊಡ್ಡತ್ತೆ ತಮ್ಮನ ಮುಖ ನೋಡಿ, ಗೋಡೆಗೆ ಹೇಳುವಂತೆ ಹೇಳಿದರು. "ಒಂದೇ ಸಲ. ಮೆಲ್ಲಗೆ."

ಟಾರ್ಚಣ್ಣ ಗಂಟಲು ಸರಿಮಾಡಿಕೊಂಡ.

"ಬಂದೆ ಬಂದೆ ತಾಳಿ ಸ್ವಾಮಿ, ಸ್ವಲ್ಪ ತಡವಾಯ್ತು,
ಕತ್ತಲಲ್ಲಿ ಗೋಡೆ ಗುದ್ದಿ ಮೂಗು ಚಪ್ಪಟೆಯಾಯ್ತು..."

"ಅದಲ್ಲ, ಹಂಗಲ್ಲ!" ಎಂದಳು ಮಗಳು. ಅವಳಿಗೆ ಗೊತ್ತಿದ್ದದ್ದು ಬೇರೆ, ಚಿಕ್ಕಂದಿನಲ್ಲಿ ಅಪ್ಪ ಮಲಗಿಸುವಾಗ ಹಾಡುತ್ತಿದ್ದದ್ದು. ಅಸಲಿ ಹಾಡು ಕಾರ್ಟೂನಿನಲ್ಲೇ ಇದೆ ಎಂದು ಇವತ್ತಿನ ತನಕ ತಿಳಿದಿದ್ದಳು.

"ಬಂದೆ ಬಂದೆ ತಾಳೆ ಮಗಳೆ, ಸ್ವಲ್ಪ ತಡವಾಯ್ತು,
ನಿದ್ದೆಯನ್ನು ಹೊತ್ತು ತಂದೆ, ಚೀಲ ತೂತಾಯ್ತು..."

"ನಿಲ್ಲಿ, ನಿಲ್ಲಿ," ಆಪರೇಟರ್ ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಅವರ ಗತ್ತು ಎಲ್ಲೋ ಹೋಗಿತ್ತು. "ಇದು ನಂಗೂ ಬರತ್ತೆ. ದಿನಾ ಚಹಾ ತಂದಾಗ ಬಾಗಿಲಲ್ಲಿ ಏನೋ ಗೊಣಗ್ತಿದ್ದ. ಇದೇನಾ ಅದು?" ಅವರು ಕಣ್ಣು ಮುಚ್ಚಿಕೊಂಡು, ಶ್ರುತಿಯ ಗೊಡವೆಯೇ ಇಲ್ಲದೆ ಶುರುಮಾಡಿದರು.

"ಬಂದೆ ಬಂದೆ ತಾಳಿ ಸಾರು, ಸ್ವಲ್ಪ ತಡವಾಯ್ತು,
ಮೆಟ್ಟಿಲೆಲ್ಲ ಏರೋದ್ರೊಳಗೆ ಚಹಾ ತಣ್ಣಗಾಯ್ತು..."

ಬೀದಿಯಲ್ಲಿ ನಿಂತಿದ್ದವರೂ ಬಾಗಿಲಿಗೆ ಬಂದರು. ಹಾಲಿನವನ ಹತ್ತಿರ ಒಂದು ಚರಣವಿತ್ತು. ಎದುರುಮನೆ ಟೀಚರ ಹತ್ತಿರ ಒಂದಿತ್ತು, ಅವರ ಛತ್ರಿಯನ್ನೂ ಹಾಡಿಗೆ ಸೇರಿಸಿ ಕಟ್ಟಿದ್ದು. ಎಲ್ಲರೂ ಅದು ತಮಗೊಬ್ಬರಿಗೇ ಗೊತ್ತಿರುವುದೆಂದು ತಿಳಿದಿದ್ದರು. ಮೊದಲ ಸಾಲು ಬಂದಾಗಲೆಲ್ಲ ಎಲ್ಲರೂ ಕೂಡಿ ಹಾಡಿದರು, ಮೆಲ್ಲಗೆ ಎಂಬುದು ಯಾರಿಗೂ ನೆನಪಿರಲಿಲ್ಲ. ಒಬ್ಬರು ತಪ್ಪಿದರು, ಇನ್ನೊಬ್ಬರು ತಿದ್ದಿದರು, ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಟಿಕೆಟಕ್ಕ ಹಳೆಯ ಹಾಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ನೀರು ಕೆನ್ನೆಯ ಮೇಲೆ ಇಳಿಯುತ್ತಲೇ ಇತ್ತು.

ದೊಡ್ಡತ್ತೆ ಹಾಡಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿದರು. ತುಟಿ ಬಿಗಿದುಕೊಂಡು ಗೋಡೆಗೊರಗಿ ಕೂತರು. ಚಾಪೆಯ ಮೇಲೆ ಚಾಚಿದ್ದ ಅವರ ಬಲಗಾಲು ಮಾತ್ರ ತಾಳ ಹಾಕುತ್ತಿತ್ತು. ಅವರ ಕಣ್ಣಿಗೆ ಅದು ಬಿತ್ತು. ಎರಡೂ ಕೈಗಳಿಂದ ಮೊಣಕಾಲನ್ನು ಒತ್ತಿ ಹಿಡಿದರು. ಕಾಲು ನಿಂತಿತು. ಇನ್ನೊಂದು ಚರಣ ಮುಗಿದು ಮತ್ತೆ ಮೊದಲ ಸಾಲು ಬರುವಷ್ಟರಲ್ಲಿ ದೊಡ್ಡತ್ತೆ ಕೈ ತೆಗೆದರು.