“ಗಾಡೀಲಿ ನ್ಜಾಯ್ ಮನೆಯವರು ಯಾರೂ ಇಲ್ವಾ?”

ತಪಾಸಣೆಯಲ್ಲಿ ಆ ಪ್ರಶ್ನೆ ಬರುವ ತನಕವೂ, ವ್ಯಾನು ಹೊರಟಾಗಿನಿಂದ ರೋಹೆ ಅಣ್ಣನ ಕಿವಿಯಲ್ಲಿ ಒಂದೇ ಮಾತು ಊದುತ್ತಿದ್ದಳು.

“ನೀನು ಬಿರಾಮ್ ನ್ಜಾಯ್ ಅಲ್ಲ. ಈ ಸುಳ್ಳು ಕಾರ್ಡಲ್ಲಿರೋ ಹಾಗೆ ಸೋವೆ ಮನೆಯವನು. ಗಡಿ ದಾಟೋ ತನಕ ಬಾಯಿಗೆ ಬೀಗ ಹಾಕ್ಕೊಂಡಿರು ಮಾರಾಯ.”

ಬಾಯೇ ತಾನೆ ಅವನನ್ನು ಕೆಡಿಸಿದ್ದು! ಟೀ ಕುದಿಸುತ್ತ ಕೂತಿದ್ದ ಗೆಳೆಯರ ಮುಂದೆ ದೇಶದ ಅಧ್ಯಕ್ಷರ ಬಗ್ಗೆ ಏನೋ ಗೇಲಿ ಮಾಡಿದ. ಅವರಲ್ಲೇ ಒಬ್ಬ ಪುಣ್ಯಾತ್ಮ ಅದನ್ನು ಮುಟ್ಟಬೇಕಾದಲ್ಲಿಗೆ ಮುಟ್ಟಿಸಿದ. ಆ ಗೇಲಿಗೆ ನಕ್ಕ ತಪ್ಪಿಗೆ ಒಳಗೆ ಹೋದ ಇಬ್ಬರು ಹೆಣವಾಗಿಯೂ ಮನೆಗೆ ಬಂದಿರಲಿಲ್ಲ.

ಗಡಿಯ ಮೊದಲು ಇದ್ದದ್ದು ಒಂದೇ ತಪಾಸಣೆ. ದಪ್ಪನೆಯ ಸೈನಿಕನೊಬ್ಬ ಗಂಡಸರ ಕಾರ್ಡುಗಳನ್ನಷ್ಟೇ ಕೇಳಿದ. ಬಿರಾಮನದನ್ನೂ ನೋಡಿ ವಾಪಸು ಕೊಟ್ಟ. ರೋಹೆಗೆ ಹೋದ ಜೀವ ಬಂದಂತಾಯಿತು.

ಸೈನಿಕ ಕಿಟಕಿ ತಟ್ಟಿದ. “ನಾನು ಜೋಬ್ ಮನೆಯವನು ಕಣ್ರಪ್ಪೋ! ಗಾಡೀಲಿ ನ್ಜಾಯ್ ಮನೆಯವರು ಯಾರೂ ಇಲ್ವಾ? ಸದ್ಯ, ನನ್ನ ಊಟ ಉಳೀತು! ಅನ್ನಗಳ್ಳರು, ನಮ್ಮಜ್ಜನ ಕಾಲದ ಗುಲಾಮರು!”

ವ್ಯಾನೆಲ್ಲ ನಕ್ಕಿತು. ಜೋಬ್ ಮನೆಯವರು ಬೈದರೆ ನ್ಜಾಯ್ ಮನೆಯವರು ತಿರುಗಿ ಬೈಯಲೇಬೇಕು, ಮದುವೆಮನೆಯಿರಲಿ ಸಾವಿನ ಮನೆಯಿರಲಿ. ಸಿಟ್ಟಾಗುವಂತಿಲ್ಲ, ಕೈಯೆತ್ತುವಂತಿಲ್ಲ. ಅಜ್ಜಂದಿರ ಕಾಲದಿಂದ ಬಂದ ಸಲಿಗೆ ಅದು, ಮಾತು ಕಲಿಯುವ ಮೊದಲೇ ಮೈಗೆ ಹತ್ತಿದ್ದು. ರೋಹೆ ಅಣ್ಣನ ತೊಡೆ ಚಿವುಟುವಷ್ಟರಲ್ಲಿ ಆಗುವುದು ಆಗಿಹೋಗಿತ್ತು.

“ಯಾರೋ ಗುಲಾಮ? ನಿಮ್ಮಪ್ಪನ ತಟ್ಟೆಗೆ ಅನ್ನ ಹಾಕಿದ್ದೇ ನಮ್ಮನೆಯವರು, ಹೊಟ್ಟೆಬಾಕ!” ಅಂದುಬಿಟ್ಟ ಬಿರಾಮ್, ಹಲ್ಲು ಕಿಸಿದು. ಅಯ್ಯೋ ಪಾಪಿ!

ಸೈನಿಕ ಬಾಯ್ತುಂಬ ನಕ್ಕ. “ಬಾ ಭಾವ, ಇಳಿ. ಬೆಳಗ್ಗಿಂದ ನಿನ್ನನ್ನೇ ಕಾಯ್ತಿದ್ದೆ. ಸೋವೆಯಂತೆ, ಸೋವೆ!”

ಊಟಕ್ಕೆ ಕರೆದೊಯ್ಯುವವನ ಹಾಗೆ ಹೆಗಲ ಮೇಲೆ ಕೈ ಹಾಕಿಯೇ ಇಳಿಸಿಕೊಂಡ. ಇನ್ನಿಬ್ಬರು ಬಂದು ಬಿರಾಮನ ಕೈಗಳನ್ನು ಹಿಂದಕ್ಕೆ ಕಟ್ಟಿದರು. ಸೈನಿಕ ಮತ್ತೆ ಕಿಟಕಿಗೆ ಬಂದ.

“ಇವನ ಪಕ್ಕ ಕೂತಿದ್ದೋಳು, ನೀನ್ಯಾವ ಮನೆಯವಳಮ್ಮ?”

ರೋಹೆಯ ಮಡಿಲಲ್ಲಿ ಎದೆಹಾಲು ಬಿಡದ ಕೂಸಿತ್ತು. “ಜೋಬ್,” ಅಂದಳು. “ನಿಮ್ಮ ಪೈಕಿಯೇ, ಅಣ್ಣಾ.”

“ಹೌದಾ ತಂಗಿ? ಹಾಗಾದ್ರೆ ನಿನ್ನ ಪಾಲಿಂದೂ ಬೈದು ಹೋಗು. ಇವನಿಗೆ ಮತ್ತೆ ಜೋಬ್ ಬೈಗುಳ ಸಿಗೋದು ಯಾವಾಗಲೋ!”

ರೋಹೆ ಅಣ್ಣನನ್ನು ನೋಡಿದಳು. ಬೈದುಬಿಡು ಎಂದು ಅವನು ಕಣ್ಣಲ್ಲೇ ಅಂಗಲಾಚುತ್ತಿದ್ದ.

“ಥೂ, ಅನ್ನಗಳ್ಳ!” ಎಂದಳು. ಅಷ್ಟು ಸಾಲದೆಂದು ಸೈನಿಕನ ಹುಬ್ಬು ಹೇಳಿತು. “ನಿಮ್ಮವ್ವ ನಿನ್ನ ಹೆರೋ ಬದಲು ಕತ್ತೆ ಹೆತ್ತಿದ್ರೆ ಹೊರೆನಾದ್ರೂ ಹೊರ್ತಿತ್ತು!”

ಸೈನಿಕ ಹೊಟ್ಟೆ ಹಿಡಿದುಕೊಂಡು ನಕ್ಕ. ಜೋಬ್ ಬೈದರೆ ನ್ಜಾಯ್ ನಗಬೇಕು, ಬಿರಾಮನೂ ನಕ್ಕ. ಆ ನಗುವ ಬಾಯಿಗೇ ಸೈನಿಕ ಬಂದೂಕಿನ ಹಿಡಿಯಿಂದ ಬಡಿದ.

ಡ್ರೈವರ್ ಸದ್ದಿಲ್ಲದೆ ಗಾಡಿ ಬಿಟ್ಟ. ಸೈನಿಕ ರಸ್ತೆಯ ನಡುವೆ ನಿಂತು ಇನ್ನೂ ನೋಡುತ್ತಿದ್ದ. ರೋಹೆ ಕಿಟಕಿಗೆ ಮುಖವಿಟ್ಟು, ಅವನು ಕಾಣುವಷ್ಟು ದೂರವೂ ನಗುತ್ತಲೇ ಇದ್ದಳು.